ಬಿಲದೊಳಗಿನ ಒಕ್ಕಲು

ಕಂದೀಲಿನ ಗಾಜು ಒರೆಸುವಾಗ ಅತ್ತಿಗೆ ನಾದಿನಿ ಇಬ್ಬರೂ ಮಾತಾಡುತ್ತಿರಲಿಲ್ಲ. ಹಾಗೆಂದು ಯಾರೂ ಕಟ್ಟು ಮಾಡಿದ್ದಲ್ಲ. ಗಾಜಿನೊಳಗೆ ಕೈ ತೂರಿಸಿ ಬೂದಿ ಹಚ್ಚಿದ ಬಟ್ಟೆಯನ್ನು ತಿರುಗಿಸುವಾಗ ಉಸಿರು ತಾನಾಗಿ ನಿಲ್ಲುತ್ತದೆ, ಉಸಿರು ನಿಂತಾಗ ಬಾಯಿಗೆ ಕೆಲಸವಿರುವುದಿಲ್ಲ. ಅರಬೈಲ್ ಘಟ್ಟ ಹತ್ತಿ ಬೆಳಗಿನ ಜಾವ ಯಲ್ಲಾಪುರ ಸೇರಿದ ಮನೆಯ ಎತ್ತಿನ ಗಾಡಿಗಳ ಅಚ್ಚಿನಿಂದ ಬಿಚ್ಚಿ ತಂದ ಕಂದೀಲುಗಳು ಜಗಲಿಯ ಮೇಲೆ ಸಾಲಾಗಿ ಕೂತಿದ್ದವು, ಒಂದೊಂದರ ಗಾಜಿನಲ್ಲೂ ಇರುಳಿನ ಹೊಗೆ. ಮುಮ್ತಾಜ್ ಭಾಬಿಯ ಬಳೆಗಳು ಗಾಜಿನ ಬಾಯಿಗೆ ತಡೆಯುತ್ತವೆಂದು ಒಳಗಿನ ಕೆಲಸ ಜೊಹರಾಳದು, ಹೊರಗಿನದು ಭಾಬಿಯದು. ಈ ಮನೆಯಲ್ಲಿ ಜೊಹರಾಳನ್ನು ಯಾರಾದರೂ ಹೊಗಳಿದ್ದರೆ ಅದು ಈ ಸಪೂರ ಕೈಗಾಗಿ. ಎಲ್ಲಿ ಬೇಕಾದರೂ ಹೋಗುವ ಕೈ ಎಂದು ಅಣ್ಣ ನೂರ್ ಅಹ್ಮದ್ ಎಂದೋ ಒಮ್ಮೆ ಅಂದಿದ್ದ. ಅವನು ಮರೆತಿರಬೇಕು, ಅವಳು ಮರೆತಿರಲಿಲ್ಲ. ಮೂರನೆಯ ಗಾಜು ಒರೆಸುತ್ತಿದ್ದಾಗ ಹಿತ್ತಿಲ ಬಾವಿಯಿಂದ ಆ ಸದ್ದು ಬಂತು. ಉಗುರಿನಿಂದ ಕಲ್ಲು ಕೆರೆದ ಹಾಗೆ. ಕೆರೆದು, ಕೆರೆದು, ಜಾರಿ, ನೀರಿಗೆ ಏನೋ ಭಾರವಾದದ್ದು ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ಜೊಹರಾ ತಲೆ ಎತ್ತಿ ಭಾಬಿಯ ಮುಖ ನೋಡಿದಳು. ಭಾಬಿ ಗಾಜನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಕಲೆ ಹುಡುಕುತ್ತಿದ್ದಳು. ಅವಳಿಗೆ ಕೇಳಿಸಿರಲಿಲ್ಲ. ಅಥವಾ ಕೇಳಿಸಿಯೂ ಬಾವಿ ಎಂದಮೇಲೆ ಹೀಗೇ ಇರುತ್ತದೆಂದು ಸುಮ್ಮನಿದ್ದಳೇನೋ.

ಅಂದು ಶುಕ್ರವಾರ. ಮಧ್ಯಾಹ್ನದ ನಮಾಜು ಮುಗಿಸಿಕೊಂಡು ಮೊಹಲ್ಲಾದ ಹಿರಿಯರು ಮನೆಗೆ ಬರುವವರಿದ್ದರು. ಹೊಸ ಬಾವಿಯ ನೀರು ಸೇದಿ, ಫಾತಿಹಾ ಓದಿಸಿ, ಎಲ್ಲರಿಗೂ ಒಂದೊಂದು ಲೋಟ ಕುಡಿಸಿದ ಮೇಲೆಯೇ ಮನೆಯವರು ಬಳಸುವುದೆಂದು ಅಣ್ಣನ ತೀರ್ಮಾನ. ಅಲ್ಲಿಯವರೆಗೆ ನೀರು ಬೀದಿಯ ಕೊನೆಯ ದೊಡ್ಡಮನೆಯವರ ಬಾವಿಯಿಂದಲೇ ಬರಬೇಕು. ಇವತ್ತು ಬೆಳಿಗ್ಗೆಯೂ ಭಾಬಿ ಅಲ್ಲಿಂದ ಎರಡು ಕೊಡ ತಂದಿದ್ದಳು; ತಂದವಳು ಕೊಡಗಳನ್ನು ಕೆಳಗಿಳಿಸಿ, ಇದೇ ಕೊನೆ ಎಂದು ಯಾರಿಗೂ ಅಲ್ಲದೆ ಅಂದುಕೊಂಡಿದ್ದಳು. ಆ ಬಾವಿಕಟ್ಟೆಯ ಬಳಿ ಕಾಯುವುದೇನೆಂದು ಜೊಹರಾಳಿಗೂ ಗೊತ್ತು. ಅವರ ದನಗಳ ಸ್ನಾನವಾಗಬೇಕು, ಅವರ ಬಟ್ಟೆ ಒಗೆದು ಮುಗಿಯಬೇಕು, ಆಮೇಲೆ ಇವರ ಕೊಡ. ಹಗ್ಗ ಸವೆಯುತ್ತದೆಂದು ಒಂದು ಸಲ ಹಗ್ಗವನ್ನೇ ಬಿಚ್ಚಿಟ್ಟಿದ್ದರು. ಭಾಬಿಯ ಮೊದಲ ಬಸಿರು ಕಳೆದದ್ದು ಆ ದಾರಿಯಲ್ಲೇ, ತುಂಬಿದ ಕೊಡ ಸೊಂಟದ ಮೇಲಿದ್ದಾಗ. ಅಂದು ಅವಳು ಕೊಡವನ್ನು ಚೆಲ್ಲದೆ ಇಳಿಸಿ, ಬೇಲಿಗೊರಗಿ ಕೂತು, ಜೊಹರಾಳಿಗೆ ಹೇಳಿದ್ದು ಒಂದೇ ಮಾತು, ಮೊದಲು ನೀರು ಮನೆಗೆ ಮುಟ್ಟಿಸು ಎಂದು. ಅದನ್ನು ನೆನೆದರೆ ಜೊಹರಾಳಿಗೆ ಈಗಲೂ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅಂಥವಳ ಬಾವಿ ಇದು. ಹಿತ್ತಿಲಿನ ಚಿರೇಕಲ್ಲನ್ನು ಬಾವಿ ತೋಡುವ ಚೌಡ ಮತ್ತವನ ಜನ ಬೇಸಗೆಯಿಡೀ ಕಡಿದು ಇಳಿದು, ಕೊನೆಗೊಂದು ದಿನ ಕೆಳಗಿನಿಂದ ಒದ್ದೆ ಮಣ್ಣಿನ ಬುಟ್ಟಿ ಮೇಲೆ ಬಂದಾಗ ಭಾಬಿ ಆ ಮಣ್ಣನ್ನು ಕೈಯಲ್ಲಿ ಹಿಡಿದು ಮೂಸಿದ್ದಳು.

ಕೆರೆತದ ಸದ್ದು ಮತ್ತೆ ಬರಲಿಲ್ಲ. ಬಾರದಿದ್ದರೆ ಇನ್ನೂ ಕಷ್ಟ. ಬಾವಿಗೆ ಬಿಟ್ಟ ಆಮೆ ಈಗ ಎಲ್ಲಿದೆ, ಕಲ್ಲಿನ ಮೆಟ್ಟಿಲಂಥ ಚಾಚಿನ ಮೇಲೆ ಮುಂಗಾಲು ಊರಿ ದಮ್ಮು ತೆಗೆದುಕೊಳ್ಳುತ್ತಿದೆಯೋ, ಇಲ್ಲವೋ. ಜೊಹರಾ ಕೈಯ ಗಾಜನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತಿಕ್ಕಿದಳು.

ಬೇಲಿಯಾಚೆ, ಹಿಂದೆ ಯಾರೋ ಚಿರೇಕಲ್ಲು ಕಡಿದುಬಿಟ್ಟ ಗುಂಡಿಯ ಅಂಚಿನಲ್ಲಿ ಆ ಆಮೆಯ ಬಿಲವಿತ್ತು. ಒಲೆಯ ಬೂದಿ ಚೆಲ್ಲಲು ದಿನಾ ಹೋಗುವ ಜಾಗ. ಮೊದಲು ಕಂಡದ್ದು ಆಮೆಯಲ್ಲ. ಮೊದಲು ಕಂಡದ್ದು ಕತ್ತಲೆಯಿಂದ ಹೊರಗೆ ಚಾಚಿ ಗಾಳಿಯನ್ನು ಮುಟ್ಟಿ ನೋಡುತ್ತಿದ್ದ ಎರಡು ಕೂದಲೆಳೆ. ಅವಳು ಬುಟ್ಟಿ ಹಿಡಿದು ನಿಂತೇ ಇದ್ದಳು. ಎಳೆಗಳ ಹಿಂದೆ ತಲೆ ಬಂತು, ತಲೆಯ ಹಿಂದೆ ತವುಡಿನ ಬಣ್ಣದ ಬಾಗಿದ ಬೆನ್ನು, ಬೆನ್ನಿಗಿಂತ ಎತ್ತರಕ್ಕೆ ಮಡಚಿದ ಹಿಂಗಾಲು. ಮಿಡತೆಯ ಜಾತಿ, ಆದರೆ ರೆಕ್ಕೆಯಿಲ್ಲ. ರೆಕ್ಕೆಯಿಲ್ಲದ್ದರಿಂದ ಕೂಗೂ ಇಲ್ಲ ಎಂಬುದು ಆಮೇಲೆ, ಎಷ್ಟೋ ಸಂಜೆ ಕಿವಿಗೊಟ್ಟು ಕೂತ ಮೇಲೆ ತಿಳಿಯಿತು. ಮನೆಯ ಗೋಡೆಯ ಸಂದಿಯಲ್ಲಿ ಕಿರುಗುಟ್ಟುವ ಹುಳಕ್ಕೆ ಎಷ್ಟು ಜಂಬ, ಇದಕ್ಕೆ ಎಷ್ಟು ಸಮಾಧಾನ. ಒಂದರ ಹಿಂದೊಂದು ಬಂದು ಬಿಲದ ಬಾಯಿಯ ಮಾಡಿನಲ್ಲಿ ತಲೆಕೆಳಗಾಗಿ ನಿಂತು, ತಮ್ಮ ಉದ್ದನೆಯ ಎಳೆಗಳನ್ನು ಬಾಯಿಯಿಂದ ಒಂದೊಂದಾಗಿ ಎಳೆದು ಸ್ವಚ್ಛ ಮಾಡಿಕೊಂಡವು, ಹೆಂಗಸರು ಜಡೆ ಹೆಣೆಯುವಾಗ ಮುಂದಕ್ಕೆ ತೆಗೆದುಕೊಂಡ ಕೂದಲನ್ನು ಬೆರಳಲ್ಲಿ ಬಿಡಿಸುವ ಹಾಗೆ. ಅಷ್ಟರಲ್ಲಿ ಒಳಗಿನಿಂದ ಉಸ್ಸೆಂದು ಉಸಿರು ಬಿಟ್ಟ ಸದ್ದಾಗಿ ಎಲ್ಲವೂ ಪಕ್ಕಕ್ಕೆ ಸರಿದವು. ಓಡಲಿಲ್ಲ, ಹಾರಲಿಲ್ಲ, ಮನೆಯ ಯಜಮಾನ ಹೊರಗೆ ಹೊರಟಾಗ ದಾರಿ ಬಿಡುವಂತೆ ಸರಿದವು. ಆಗ ಆಮೆ ಹೊರಬಂತು. ಎದೆ ನೆಲಕ್ಕೆ ತಾಗದಂತೆ ಕಾಲೂರಿ, ತಲೆ ಎತ್ತಿ, ಜೊಹರಾಳನ್ನು ಕಂಡೂ ಕಾಣದ ಹಾಗೆ, ಉದುರಿದ ಕಾಡುಹಣ್ಣಿನ ಕಡೆ ನಡೆಯಿತು.

ಅದು ಹೋದ ವರ್ಷದ ಮಾತು. ಆಮೇಲೆ ಅವಳು ಒಡೆದ ಕನ್ನಡಿಯ ಒಂದು ಚೂರನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗತೊಡಗಿದಳು. ಸೂರ್ಯನಿಗೆ ಹಿಡಿದು ಬೆಳಕನ್ನು ಬಿಲದೊಳಗೆ ಕಳಿಸಿದರೆ ಮೊದಲ ತಿರುವಿನವರೆಗೆ ಎಲ್ಲವೂ ಕಾಣುತ್ತಿತ್ತು. ನೆಲ ಸಗಣಿ ಸಾರಿಸಿದಷ್ಟು ನುಣುಪು. ಮಾಡು ಆಮೆಯ ಬೆನ್ನಿನ ಅಳತೆಗೇ ಸರಿಯಾದ ಕಮಾನು, ಹೋಗಿ ಬಂದು ಉಜ್ಜಿ ಉಜ್ಜಿ ಹೊಳಪು ಬಂದದ್ದು. ಆಮೆಯ ಹಿಕ್ಕೆ ಬಿದ್ದ ಕಡೆ ಮೆಣಸಿನ ಕಾಳಿಗಿಂತ ಚಿಕ್ಕ ಕಂದು ಹುಳುಗಳು ಕೆಲಸಕ್ಕೆ ನಿಂತಿರುತ್ತಿದ್ದವು. ಎರಡೆರಡು ಸೇರಿ ಒಂದು ತುಣುಕನ್ನು ನೆಲಕ್ಕೆ ಇಳಿಸುತ್ತಿದ್ದವು, ಒಂದು ಮಣ್ಣು ತೆಗೆದು ಕೊಡುವುದು, ಒಂದು ಎಳೆಯುವುದು; ಮರುದಿನ ನೋಡಿದರೆ ಅಲ್ಲಿ ಕೊಳಕು ಇತ್ತೆಂಬ ಗುರುತೂ ಇರುತ್ತಿರಲಿಲ್ಲ. ಹುಳುಗಳು ಬಿಟ್ಟದ್ದನ್ನು ಮಿಡತೆ, ಮಿಡತೆ ಬಿಟ್ಟ ಎಲೆಯ ನಾರನ್ನು ಬೂದುಬಣ್ಣದ ಒಂದು ಪುಟ್ಟ ಪತಂಗದ ಮರಿ ತಿನ್ನುತ್ತಿತ್ತು. ಯಾವುದೂ ಇನ್ನೊಂದರ ಪಾಲಿಗೆ ಬಾಯಿ ಹಾಕುತ್ತಿರಲಿಲ್ಲ. ಸಂಜೆ ತಂಪಾದರೆ ಆಮೆ ಒಳಗೆ ಹೋಗಿ ತಿರುವಿನಲ್ಲಿ ಅಡ್ಡ ನಿಲ್ಲುತ್ತಿತ್ತು. ಒಂದು ದಿನ ಹಾವೊಂದು ಬಂದು ಮೂತಿಯಿಟ್ಟು, ಚಿಪ್ಪು ತಾಗಿ, ಹಿಂದೆ ಹೋದದ್ದನ್ನು ಅವಳೇ ನೋಡಿದ್ದಳು. ಚಿಪ್ಪಿನ ಹಿಂದೆ ಅಷ್ಟೂ ಹುಳುಗಳು ನಿಶ್ಚಿಂತೆಯಿಂದ ಇದ್ದವು. ಅವಳು ಬೇರೆ ಬಿಲಗಳನ್ನೂ ಹುಡುಕಿದ್ದಳು. ಗದ್ದೆಯ ಬದುವಿನ ಏಡಿಯ ಬಿಲ, ಹೆಗ್ಗಣದ ಬಿಲ, ಹುತ್ತದ ತೂತು. ಎಲ್ಲಿಯೂ ಆ ಮಿಡತೆಯಿಲ್ಲ, ಆ ಹುಳುವಿಲ್ಲ. ಇಷ್ಟು ಅಗಲದ ಕಾಡಿರುವಾಗ ಅವಕ್ಕೆ ಇರಲು ಬಂದದ್ದು ಈ ಒಂದು ಆಮೆಯ ಬೆನ್ನ ಹಿಂದೆ ಮಾತ್ರ ಎಂದು ಹೊಳೆದ ದಿನ ಜೊಹರಾ ಬಿಲದ ಬಾಯಿಗೆ ಕೂತವಳು ಏಳಲಿಲ್ಲ. ಅಮ್ಮ ರೋಷನ್ ಬೀ ಮಂಡಿನೋವಿನ ಕಾಲು ಎಳೆದುಕೊಂಡು ಬೇಲಿಯವರೆಗೆ ಬಂದು ಕೂಗಬೇಕಾಯಿತು.

ಯಾರಿಗೆ ಹೇಳುವುದು? ಹೇಳುವುದು ಅವಳಿಗೆ ಬಂದಿರಲೇ ಇಲ್ಲ. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಮಾಸ್ತರರು, ಹುಳಕ್ಕೆ ಕಾಲೆಷ್ಟು ಎಂದು ಕೇಳಿದ್ದರು. ಅವಳಿಗೆ ಗೊತ್ತಿತ್ತು. ಶಾಲೆಯ ಕಿಟಕಿಯ ಕಟ್ಟೆಯ ಮೇಲೆ ಅಷ್ಟು ದಿನ ಎಣಿಸಿದ್ದಳು. ಮಾಸ್ತರರ ಕೋಲು ಅವಳ ಹತ್ತಿರ ಬಂದು ನಿಂತಾಗ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು; ಕೋಲು ಪಕ್ಕದ ನಾಗಿಯ ಕಡೆ ತಿರುಗಿತು, ನಾಗಿ ಎಂಟು ಎಂದಳು, ಏಟು ತಿಂದಳು. ತಿಂದು ಕೂತವಳು ಜೊಹರಾಳನ್ನು ನೋಡಿ ನಕ್ಕಳು, ಇವಳಿಗೂ ಗೊತ್ತಿಲ್ಲ ಎಂಬ ಒಗ್ಗಟ್ಟಿನ ನಗು. ಆ ನಗುವನ್ನು ಜೊಹರಾ ತಿದ್ದಲಿಲ್ಲ. ಅದೇ ವರ್ಷ ಅಮ್ಮನ ಮಂಡಿ ಹಿಡಿದುಕೊಂಡು ಶಾಲೆ ಬಿಡಿಸಿದಾಗ ಅವಳು ಅತ್ತದ್ದೂ ಇಲ್ಲ. ಬಿಲದ ಬಳಿ ಕೂತಾಗ ಮಾತ್ರ ಗೊತ್ತಿರುವುದು ಭಾರವಾಗುತ್ತಿರಲಿಲ್ಲ. ನೋಡುವುದೇ ಸಾಕಾಗುತ್ತಿತ್ತು.

ಹಾಗಿದ್ದವಳು ಹೋದ ವಾರ ಹೇಳಿಬಿಟ್ಟಳು. ಬಾವಿಯ ಕಲ್ಲು ಕಟ್ಟಿ ಮುಗಿದಿತ್ತು. ಆಮೆ ಬಿಡದ ಬಾವಿಯ ನೀರು ಪಾಚಿಗಟ್ಟುತ್ತದೆ, ಹುಳ ಬೀಳುತ್ತದೆ, ಇಲ್ಲಿಯವರೆಗೆ ತಾನು ತೆಗೆದ ಒಂದು ಬಾವಿಯನ್ನೂ ಆಮೆಯಿಲ್ಲದೆ ಬಿಟ್ಟಿಲ್ಲ ಎಂದು ಚೌಡ ಹಟ ಹಿಡಿದಿದ್ದ. ಅಣ್ಣನಿಗೂ ಅದು ಹೌದೆನಿಸಿತ್ತು. ಪೇಟೆಯ ಯಾವ ಬಾವಿಗೆ ಇಣುಕಿದರೂ ಅಲ್ಲೊಂದು ಆಮೆ ತೇಲುತ್ತಿರುತ್ತದೆ. ಆದರೆ ಬೇಸಗೆಯ ಕೊನೆ, ಕೆರೆಗಳು ಒಣಗಿ ಆಮೆಗಳೆಲ್ಲ ಕೆಸರಿನ ಆಳಕ್ಕೆ ಇಳಿದಿದ್ದವು. ಹುಡುಕಲು ಹೋದ ಗಾಡಿಯವನು ಬರಿಗೈಯಲ್ಲಿ ಬಂದ. ಊಟಕ್ಕೆ ಕೂತ ಅಣ್ಣನ ಮುಖ ಸಣ್ಣದಾಗಿತ್ತು. ಹಿಂದೆ ಲಾರಿ ಓಡಿಸುತ್ತಿದ್ದಾಗ, ಘಟ್ಟದ ತಿರುವಿನಲ್ಲಿ ಹಿಂದಿನ ಗಾಲಿ ಅರ್ಧ ಗಾಳಿಯಲ್ಲಿದ್ದಾಗಲೂ ಬೀಡಿ ಕಚ್ಚಿಕೊಂಡೇ ಲಾರಿ ತಿರುಗಿಸಿದವನು ಎಂದು ಊರೆಲ್ಲ ಹೇಳುವ ಅಣ್ಣ. ಆ ಮುಖ ಒಂದು ಆಮೆಗಾಗಿ ಸಣ್ಣದಾದದ್ದನ್ನು ಅವಳಿಂದ ನೋಡಲಾಗಲಿಲ್ಲ. ರೊಟ್ಟಿ ಬಡಿಸುತ್ತಿದ್ದವಳು, "ನಂಗೊಂದ್ ಗೊತ್ತಿದೆ ಭಾಯಿ," ಅಂದಳು. ಎಲ್ಲರೂ ಅವಳ ಕಡೆ ತಿರುಗಿದರು. ಅಮ್ಮ, ಭಾಬಿ, ಅಣ್ಣ, ಬಾಗಿಲಾಚೆ ಎಲೆಯಡಿಕೆ ಹಾಕುತ್ತಿದ್ದ ಚೌಡ. ಅಷ್ಟು ಮುಖಗಳು ಒಟ್ಟಿಗೆ ತನ್ನ ಕಡೆ ತಿರುಗಿದ್ದು ಅವಳಿಗೆ ನೆನಪೇ ಇರಲಿಲ್ಲ. ಮೈಯೆಲ್ಲ ಬೆಚ್ಚಗಾಯಿತು. ಆ ಬೆಚ್ಚನೆಯಲ್ಲೇ ಎದ್ದು ದಾರಿ ತೋರಿಸಿದಳು.

ಚೌಡ ಅದನ್ನು ಎರಡು ಕೈಯಲ್ಲಿ ಎತ್ತಿ ತಿರುಗಿಸಿದ. ಆಮೆ ತಲೆ ಕಾಲು ಒಳಗೆಳೆದು ಉಸ್ಸೆಂದಿತು. ಒಳಗೆಳೆದ ಕಾಲುಗಳು ಚಿಪ್ಪಿನ ಅಂಚಿಗೆ ಮುಚ್ಚಳದಂತೆ ಕೂತಿದ್ದವು, ಆನೆಯ ಕಾಲಿನಂತೆ ದುಂಡಗೆ, ಮೋಟು ಉಗುರು. ಕೆರೆಯ ಆಮೆಯ ಬೆರಳುಗಳ ನಡುವೆ ಇರುವ ತೆಳು ಚರ್ಮ ಇದಕ್ಕಿರಲಿಲ್ಲ. ಹೋದ ಮಳೆಗಾಲದಲ್ಲಿ ಗುಂಡಿಯಲ್ಲಿ ಮೊಳಕಾಲುದ್ದ ನೀರು ನಿಂತಾಗ ಈ ಆಮೆ ಸುತ್ತು ಬಳಸಿ ಮೇಲಿನ ದಾರಿಯಲ್ಲಿ ಹೋದದ್ದನ್ನು, ಒಂದು ದಿನವೂ ನೀರಿಗೆ ಕಾಲಿಡದ್ದನ್ನು ಜೊಹರಾ ನೋಡಿದ್ದಳು. ಅಣ್ಣನಿಗೂ ಕಾಲು ನೋಡಿ ಏನೋ ಅನಿಸಿರಬೇಕು, ಇದು ಈಜುತ್ತದೆಯೇ ಎಂದು ಕೇಳಿದ.

"ಆಮೆ ಅಂದ್ರೆ ಆಮೆನೇ ಸಾಬ್ರೆ," ಅಂದ ಚೌಡ. "ನೀರು ಕಂಡ್ರೆ ತಾನೇ ಕಲ್ತ್ಕಂತದೆ. ಆದ್ರೆ ಒಂದ್ ನೆನಪಿಡಿ, ಒಂದ್ಸಲ ಬಿಟ್ಟದ್ದನ್ನ ತೆಗೀಬಾರ್ದು. ತೆಗೆದ್ರೆ ಸೆಲೆನೂ ಅದರ ಹಿಂದೇ ಹೋಗ್ತದೆ."

ಆಗ ಹೇಳಬಹುದಿತ್ತು. ಅಣ್ಣ ಕೇಳಿದ್ದೇ ಅದನ್ನು, ಅವಳಿಗೆ ಗೊತ್ತಿದ್ದದ್ದೇ ಅದು. ಆದರೆ ಅಣ್ಣ ಅವಳ ತಲೆಯ ಮೇಲೆ ಕೈಯಿಟ್ಟಿದ್ದ. ಆ ಕೈ ಅಲ್ಲಿರುವವರೆಗೆ ಬಾಯಿ ತೆರೆಯುವುದು ಆಗಲಿಲ್ಲ, ಕೈ ತೆಗೆಯುವ ಹೊತ್ತಿಗೆ ಚೌಡ ಚಿಪ್ಪಿಗೆ ಕುಂಕುಮ ಹಚ್ಚಿ ಆಗಿತ್ತು. ಅಮ್ಮ ಲೋಬಾನದ ಹೊಗೆ ಹಿಡಿದಳು. ಬುಟ್ಟಿ ಇಳಿಯಿತು. ಆಮೆ ಕಲ್ಲಿನಂತೆ ಮುಳುಗಿತು. ಎಷ್ಟೋ ಹೊತ್ತಿನ ಮೇಲೆ ಒಂದು ಕಡೆ ವಾಲಿಕೊಂಡು ಮೇಲೆ ಬಂತು, ನಾಲ್ಕು ಕಾಲನ್ನೂ ನಡೆಯುವವರಂತೆ ಆಡಿಸುತ್ತ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಗಾಜುಗಳು ಮುಗಿದವು. ಭಾಬಿ ಎದ್ದು ಅಕ್ಕಿ ಆರಿಸಲು ಒಳಗೆ ಹೋದಳು. ಜೊಹರಾ ಬೂದಿಯ ಬುಟ್ಟಿ ಹಿಡಿದು ಬೇಲಿ ದಾಟಿದಳು. ಈ ವಾರವೆಲ್ಲ ಅವಳು ಹೊರಟದ್ದು ಎರಡು ಕಡೆಗೆ: ಬಾವಿಗೆ ಇಣುಕಿ ಸೊಪ್ಪು ಎಸೆಯುವುದು, ಬಿಲಕ್ಕೆ ಹೋಗಿ ಕೂರುವುದು. ಬಿಲ ಮೊದಲ ಎರಡು ದಿನ ಹಾಗೇ ಇತ್ತು. ಮಿಡತೆಗಳು ಸಂಜೆ ಬಾಯಿಗೆ ಬಂದು, ದಾರಿ ಬಿಡಲು ಪಕ್ಕಕ್ಕೆ ಸರಿದು ನಿಂತು, ಯಾರೂ ಬಾರದೆ, ಸರಿದಲ್ಲೇ ಇದ್ದವು. ಮೂರನೆಯ ದಿನ ಕಂದು ಹುಳುಗಳು ಕಾಣಲಿಲ್ಲ. ಮಾಡಿನಿಂದ ಮಣ್ಣು ಉದುರಿತ್ತು. ದಿನಾ ಉಜ್ಜುವ ಬೆನ್ನಿಲ್ಲದೆ ಕಮಾನು ಸಡಿಲವಾಗಿತ್ತು. ಅವಳು ಸೌಟಿನಿಂದ ಮಣ್ಣು ತೋಡಿ ತೆಗೆದಳು, ಸೌಟಿನ ಬೆನ್ನಿನಿಂದ ಮಾಡನ್ನು ಉಜ್ಜಿದಳು. ಹಸಿದಿರಬೇಕೆಂದು ಆಡಿನ ಹಿಕ್ಕೆ ಹಾಕಿದಳು, ಯಾವ ಹುಳುವೂ ಅದರ ಹತ್ತಿರ ಬರಲಿಲ್ಲ. ನಿನ್ನೆ, ಇನ್ನೇನೂ ತೋಚದೆ, ಮಾವಿನ ಸಿಪ್ಪೆ ಮತ್ತು ರೊಟ್ಟಿಯ ತುಂಡಿಗೆ ಒಂದಿಷ್ಟು ಬೆಲ್ಲ ಸವರಿ ಒಳಗಿಟ್ಟಿದ್ದಳು. ಒಳಗಿಟ್ಟು ಬರುವಾಗ ಮೊದಲ ಸಲ ಮನಸ್ಸು ಹಗುರಾಗಿತ್ತು. ಆಮೆಯ ಕೆಲಸವನ್ನು ತಾನೇ ಮಾಡಬಹುದು ಎಂದುಕೊಂಡಿದ್ದಳು.

ಈಗ ಬೇಲಿ ದಾಟಿ ನೋಡಿದರೆ ಬಿಲದ ಬಾಯಿಂದ ಗುಂಡಿಯ ಆಚೆಯವರೆಗೆ ಕೆಂಪಿರುವೆಯ ದಾರಿ. ಹೋಗುವ ಸಾಲು, ಬರುವ ಸಾಲು. ಬರುವ ಸಾಲಿನಲ್ಲಿ ಏನೋ ಉದ್ದನೆಯದು ಮೇಲೆ ಕೆಳಗೆ ಆಡುತ್ತ ಬರುತ್ತಿತ್ತು. ಅವಳು ಬಗ್ಗಿದಳು. ಮಿಡತೆಯ ಹಿಂಗಾಲು. ಅದರ ಹಿಂದೆ ಮತ್ತೊಂದು. ಅದರ ಹಿಂದೆ ಒಂದು ಕೂದಲೆಳೆಯನ್ನು ಒಂದೇ ಇರುವೆ ಧ್ವಜದಂತೆ ಎತ್ತಿ ಹಿಡಿದುಕೊಂಡು ಬರುತ್ತಿತ್ತು. ಬುಟ್ಟಿಯ ಬೂದಿಯನ್ನೆಲ್ಲ ಅವಳು ಸಾಲಿನ ಮೇಲೆ ಸುರಿದಳು, ಬಿಲದ ಬಾಯಿಯ ಸುತ್ತ ಗೆರೆ ಎಳೆದಳು. ಬೆಲ್ಲ ತಂದಿಟ್ಟದ್ದು ಈ ಕೈ. ಮಂಡಿಯೂರಿ, ಕುಪ್ಪಸದ ತೋಳನ್ನು ಮೇಲೆ ಸರಿಸಿ, ನೆಲಕ್ಕೆ ಕೆನ್ನೆಯಿಟ್ಟು ಕೈಯನ್ನು ಬಿಲದೊಳಗೆ ಹಾಕಿದಳು. ಮೊಣಕೈ ಹೋಯಿತು. ತಿರುವು ಸಿಕ್ಕಿತು. ತಿರುವಿನಾಚೆ ಅವಳು ಎಂದೂ ಕಾಣದ ಕಡೆ ಭುಜದವರೆಗೆ ಹೋದಾಗ ಗಾಳಿ ತಂಪಾಯಿತು, ಬೆರಳಿಗೆ ಅಗಲವಾದ ಕೋಣೆ ಸಿಕ್ಕಿತು, ತಳ ಒಣಗಿದ ಎಲೆಯಿಂದ ಮೆತ್ತಗಿತ್ತು. ಇರುವೆಗಳು ತೋಳು ಹತ್ತಿ ಕಚ್ಚುತ್ತಿದ್ದವು. ಕಚ್ಚಲಿ. ಅವಳು ಹಿಸುಕಬಾರದೆಂದು ಬೆರಳುಗಳನ್ನು ಹೂವು ಹಿಡಿಯುವಷ್ಟು ಸಡಿಲ ಮಾಡಿ ಹುಡುಕಿದಳು. ಈ ಬಿಲದ ಯಜಮಾನ ಎಷ್ಟು ಚೆನ್ನಾಗಿ ಕಟ್ಟಿದ್ದಾನೆ, ಅಂದುಕೊಂಡಳು, ಕೈಯೆಲ್ಲ ಉರಿಯುತ್ತಿದ್ದಾಗಲೂ. ನೀರು ಬಂದರೆ ಹೊರಗೇ ಹೋಗಲೆಂದು ಒಳಗಿನ ಕೋಣೆಯನ್ನು ಎಷ್ಟು ಎತ್ತರಕ್ಕೆ ಇಟ್ಟಿದ್ದಾನೆ. ಆಗ ಅಂಗೈಯನ್ನು ಎರಡು ಎಳೆಗಳು ಮುಟ್ಟಿದವು. ಮುಟ್ಟಿ, ಯೋಚಿಸಿ, ಮತ್ತೆ ಮುಟ್ಟಿದವು. ಆಮೇಲೆ ಆರು ಕಾಲುಗಳು ಒಂದೊಂದಾಗಿ ಮಣಿಕಟ್ಟಿನ ಮೇಲೆ ಹತ್ತಿದವು.

"ಏ ಜೊಹರಾ, ಎಂತ ಅದು? ಬಿಲದೊಳಗೆ ಸಂಸಾರ ಹೂಡ್ತೀಯಾ?"

ಭಾಬಿ ಬೇಲಿಯ ಬಳಿ ನಿಂತಿದ್ದಳು, ಸೊಂಟದ ಮೇಲೆ ಕೈ. ಜೊಹರಾ ನಿಧಾನವಾಗಿ ಕೈ ತೆಗೆದಳು. ಭುಜದಿಂದ ಬೆರಳವರೆಗೆ ಕೆಮ್ಮಣ್ಣು, ಅದರ ಮೇಲೆ ಇರುವೆ, ಮಣಿಕಟ್ಟಿನ ಮೇಲೆ ತವುಡಿನ ಬಣ್ಣದ ಒಂದು ಮಿಡತೆ ಬೆಳಕಿಗೆ ಬೆದರಿ ಅಂಟಿ ಕೂತಿತ್ತು. ಭಾಬಿ ಬಂದು ಎದುರು ಕುಕ್ಕರಿಸಿದಳು. ಬೈಯುತ್ತಾಳೆಂದುಕೊಂಡರೆ ಮಿಡತೆಯನ್ನೇ ನೋಡಿದಳು, ಕಂದೀಲಿನ ಗಾಜು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ.

"ಇದು ಕೂಗ್ತದಾ?"

"ಇಲ್ಲ ಭಾಬಿ. ಇದಕ್ಕೆ ರೆಕ್ಕೆನೇ ಇಲ್ಲ."

"ನಿನ್ನ ಪೈಕಿನೇ ಹಾಗಾದ್ರೆ."

ಜೊಹರಾ ಆಗ ಹೇಳಿದಳು. ಕಂದು ಹುಳುಗಳನ್ನು, ಪತಂಗದ ಮರಿಯನ್ನು, ಮೂತಿಯಿಟ್ಟು ಹಿಂದೆ ಹೋದ ಹಾವನ್ನು, ಆಮೆಯ ಕಾಲನ್ನು, ಮಳೆಗಾಲದ ಗುಂಡಿಯನ್ನು, ಬೆಲ್ಲವನ್ನು. ಒಂದು ತಿಂಗಳಲ್ಲಿ ಆಡುವಷ್ಟು ಮಾತನ್ನು ಒಂದೇ ಸಲಕ್ಕೆ, ಹಿಂದು ಮುಂದಾಗಿ. ಆಮೆ ನೀರಿನದ್ದಲ್ಲ, ಅದು ಸಾಯುತ್ತದೆ, ಅದು ಸತ್ತರೆ ಇವಕ್ಕೆ ಇನ್ನು ಮನೆಯಿಲ್ಲ ಎಂದಳು. ಭಾಬಿ ಕೇಳಿದಳು. ನಡುವೆ ಒಮ್ಮೆ, ಹಾವು ನಿಜಕ್ಕೂ ಹಿಂದೆ ಹೋಯಿತೇ ಎಂದು ಕೇಳಿ ಬಿಲವನ್ನು ತಿರುಗಿ ನೋಡಿದಳು, ಆ ನೋಟದಲ್ಲಿ ಮೆಚ್ಚುಗೆಯಿತ್ತು. ಕೇಳುತ್ತಲೇ ತನ್ನ ಸೆರಗಿನ ತುದಿಯಿಂದ ಜೊಹರಾಳ ತೋಳಿನ ಇರುವೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು, ಮಿಡತೆಗೆ ತಾಗದಂತೆ ಬಳಸಿ.

"ಆಮೆ ತೆಗೆದ್ರೆ ನೀರು ಹೋಗ್ತದೆ ಅಂದ ಚೌಡ," ಅಂದಳು ಕೊನೆಗೆ.

"ಹಾಗೆ ಹೋಗ್ತದಾ ಭಾಬಿ?"

"ಹೋಗ್ಲಿಕ್ಕಿಲ್ಲ." ಭಾಬಿ ಸೆರಗು ಕೊಡವಿದಳು. "ಆದ್ರೆ ಹೋದ್ರೆ? ನಾ ಇನ್ನೊಂದಿನ ಆ ಬಾವಿಕಟ್ಟೆ ಹತ್ತೋದಿಲ್ಲ ಜೊಹರಾ. ಯಾರು ಸಾಯ್ಲಿ, ಯಾರು ಬದುಕ್ಲಿ."

ಹೀಗೆ ಸಾಫಾಗಿ, ತನಗೆ ಬೇಕಾದದ್ದನ್ನು ತನ್ನ ಹೆಸರಿಗೇ ಬರೆದುಕೊಂಡು ಮಾತಾಡಲು ತನಗೆ ಎಂದಾದರೂ ಬಂದೀತೇ ಎಂದು ಜೊಹರಾ ಭಾಬಿಯ ಮುಖವನ್ನೇ ನೋಡಿದಳು. ಭಾಬಿ ಸರಿ. ಚಿಪ್ಪಿನ ಹಿಂದೆ ಇದ್ದವೂ ಸರಿ. ಮಿಡತೆಯನ್ನು ಬಿಲದ ಬಾಯಿಗೆ ಬಿಟ್ಟಾಗ ಅದು ಬೂದಿಯ ಗೆರೆಯ ಒಳಗೆ ಸ್ವಲ್ಪ ಹೊತ್ತು ನಿಂತು, ಎಳೆಗಳಿಂದ ಕತ್ತಲೆಯನ್ನು ತಡವಿ, ಒಳಗೆ ಹೋಯಿತು. ಅನ್ನಕ್ಕೆ ಇಡಬೇಕು, ಕೈ ತೊಳ್ಕೊಂಡು ಬಾ ಎಂದು ಹೇಳಿ ಭಾಬಿ ಎದ್ದಳು. ಎದ್ದವಳು ತಾನೇ ಒಂದು ಹಿಡಿ ಬೂದಿ ತೆಗೆದು, ಗೆರೆ ತೆಳುವಾದ ಕಡೆ ಉದುರಿಸಿ ಹೋದಳು.

ನಮಾಜು ಮುಗಿದು ಹಿರಿಯರು ಬಂದರು. ಜಗಲಿಯ ಮೇಲೆ ಚಾಪೆ, ಚಾಪೆಯ ಮೇಲೆ ಗನಿ ಚಾಚಾ ನಡುವೆ, ಅತ್ತಿತ್ತ ಉಳಿದವರು. ಚೌಡ ಹೊಸ ಧೋತ್ರ ಉಟ್ಟು ಮೆಟ್ಟಿಲಿನ ಬಳಿ ಕೂತಿದ್ದ. ಹೆಂಗಸರು ಬಾಗಿಲಿನ ಪರದೆಯ ಹಿಂದೆ. ಅಣ್ಣನೇ ಮೊದಲ ಕೊಡ ಸೇದಿ ತಂದ. ಫಾತಿಹಾ ಓದಿ ಮುಗಿದು, ಎಲ್ಲರೂ ಬಾಯಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತಿದ್ದಂತೆ ಲೋಟಗಳು ಕೈಯಿಂದ ಕೈಗೆ ಹೋದವು. ಗನಿ ಚಾಚಾ ಕುಡಿದು, ನಾಲಿಗೆಯಲ್ಲಿ ಇಟ್ಟುಕೊಂಡು, ನುಂಗಿ, ಇನ್ನೊಂದು ಲೋಟ ಕೇಳಿದರು. ಪರದೆಯ ಹಿಂದೆ ಭಾಬಿ ಉಸಿರು ಬಿಟ್ಟದ್ದು ಜೊಹರಾಳ ಕತ್ತಿಗೆ ತಾಗಿತು. ನೀರು ಕಲ್ಲುಸಕ್ಕರೆ ಹಾಗಿದೆ, ಈ ಬೀದಿಯಲ್ಲಿ ಇಂಥ ಸೆಲೆ ಬೇರೆ ಇಲ್ಲ ಎಂದರು ಚಾಚಾ. ಚೌಡ ತಲೆ ತಗ್ಗಿಸಿ ನಕ್ಕ. ಆಮೆ ಎಲ್ಲಿಂದ ಸಿಕ್ಕಿತು ಈ ಬಿಸಿಲಿಗೆ, ಊರೆಲ್ಲ ಹುಡುಕಿದರೂ ಇಲ್ಲವಂತಲ್ಲ ಎಂದು ಯಾರೋ ಕೇಳಿದರು. ಅಣ್ಣನ ದನಿಗೆ ಹೆಮ್ಮೆ ಬಂತು. ನಮ್ಮ ಜೊಹರಾ ಹುಡುಕಿದ್ದು ಎಂದ. ಮನೆಯಲ್ಲಿ ಯಾರಿಗೂ ಕಾಣದ್ದು ಅವಳಿಗೆ ಕಾಣುತ್ತದೆ, ಹೇಳುವುದಿಲ್ಲ ಅಷ್ಟೆ, ಇದೊಂದು ಹೇಳಿದಳು ನೋಡಿ ಎಂದ. ಪರದೆಯತ್ತ ತಿರುಗಿ ಗನಿ ಚಾಚಾ, "ಕಣ್ಣಿರೋ ಹುಡುಗಿ. ಈ ನೀರು ನಿನ್ನ ಹೆಸರು ಹೇಳ್ತದೆ ಬೇಟಿ," ಅಂದರು. ಗಂಡಸರೆಲ್ಲ ಹೌದು ಹೌದೆಂದರು. ಅಮ್ಮ ಅವಳ ಬೆನ್ನು ಸವರಿದಳು.

ಇದು ಬೇಕಾಗಿತ್ತು ಅವಳಿಗೆ. ಮಾಸ್ತರರ ಕೋಲು ಪಕ್ಕಕ್ಕೆ ತಿರುಗಿದ ದಿನದಿಂದ ಇದೇ ಬೇಕಾಗಿತ್ತು, ಇದಕ್ಕಿಂತ ಚೆನ್ನಾಗಿ ಸಿಗುವಂತೆಯೂ ಇರಲಿಲ್ಲ. ಅವಳು ಅದನ್ನು ಪೂರ್ತಿ ಕೇಳಿಸಿಕೊಂಡಳು, ಒಂದೊಂದು ಮಾತೂ. ಜಗಲಿಯ ಮೇಲೆ ಮಾತು ನಿಂತು ಎಲ್ಲರೂ ಎರಡನೆಯ ಲೋಟಕ್ಕೆ ಬಾಯಿಟ್ಟರು. ಆ ಮೌನದಲ್ಲಿ ಹಿತ್ತಿಲಿನಿಂದ ಕೆರೆತ ಕೇಳಿಸಿತು. ಮೊದಲಿಗಿಂತ ನಿಧಾನ. ಒಂದು ಸಲ ಕೆರೆದು, ತುಂಬ ಹೊತ್ತು ಬಿಟ್ಟು, ಇನ್ನೊಂದು ಸಲ. ಯಾರೂ ಆ ಕಡೆ ತಿರುಗಲಿಲ್ಲ. ಅವಳು ಪರದೆಯನ್ನು ಹಿಡಿದಳು, ಯಾಕೆ ಹಿಡಿದೆನೆಂದು ತಿಳಿಯುವ ಮೊದಲೇ ಅದು ಪಕ್ಕಕ್ಕೆ ಸರಿದಿತ್ತು, ಹೊಸ್ತಿಲ ಮೇಲೆ ಅವಳ ಕಾಲಿತ್ತು, ಗಂಡಸರ ಅಷ್ಟೂ ಮುಖಗಳು ಮತ್ತೆ ಅವಳ ಕಡೆ. ಇರುವೆ ಕಚ್ಚಿದ ಕೈ ಊದಿ ಕೆಂಪಾಗಿತ್ತು. ಅದನ್ನು ಮುಚ್ಚಿಕೊಳ್ಳಬೇಕೆಂದೂ ಹೊಳೆಯಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅಂಟಿಕೊಂಡದ್ದನ್ನು ಬಿಡಿಸಿ ಅವಳು ಹೇಳಿದ್ದು ಮೊದಲ ಸಲ ಅವಳಿಗೇ ಕೇಳಿಸಲಿಲ್ಲ. ಅಣ್ಣ ಲೋಟ ಕೆಳಗಿಟ್ಟು ಎಂತ ಅಂದ. ಅವಳು ಅಣ್ಣನನ್ನು ನೋಡಲಿಲ್ಲ, ಹಿಂದೆ ನಿಂತ ಭಾಬಿಯ ಕಡೆ ತಿರುಗುವ ಧೈರ್ಯವೂ ಇರಲಿಲ್ಲ. ಮೆಟ್ಟಿಲಿನ ಬಳಿ ಕೂತವನನ್ನು ನೋಡಿ ಹೇಳಿದಳು.

"ಚೌಡಣ್ಣ, ಅದು ನೀರಿನ ಆಮೆಯಲ್ಲ. ನಂಗೆ ಮೊದಲೇ ಗೊತ್ತಿತ್ತು."

ಚೌಡ ಅಣ್ಣನನ್ನು ನೋಡಿದ, ಅಣ್ಣ ಗನಿ ಚಾಚಾನನ್ನು, ಗನಿ ಚಾಚಾ ಲೋಟದೊಳಗಿನ ನೀರನ್ನು. ಜೊಹರಾ ಚೌಡನಿಂದ ಕಣ್ಣು ತೆಗೆಯಲಿಲ್ಲ.

"ಇಳಿದು ಅದನ್ನ ಮೇಲೆ ತಂದ್ಕೊಡಿ."